ಹದ್ದಿನ ಮರಿ ಕೆಳಗೆ ಬಿದ್ದಿದೆ, ಈಗ ಏನು ಮಾಡಬೇಕು?

ಮೊದಲು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಎತ್ತಿಕೊಳ್ಳಬೇಡಿ, ನೀರು ಹಾಕಬೇಡಿ, ಫೋಟೋಗೆ ಹತ್ತಿರ ಹೋಗಬೇಡಿ. ಸುಮ್ನೆ ಹತ್ತು ನಿಮಿಷ ದೂರ ನಿಂತು ನೋಡಿ. ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇ ತನಕ ನೆಲದ ಮೇಲೆ ಕಾಣುವ ಹದ್ದಿನ ಮರಿಗಳೆಲ್ಲ ಅನಾಥ ಮರಿಗಳಲ್ಲ. ಎಷ್ಟೋ ಮರಿಗಳು ಹಾರಲು ಕಲಿಯುತ್ತಾ ಕೆಳಗೆ ಇಳಿದಿರುತ್ತವೆ. ಮೇಲೆ ಎಲ್ಲೋ ಕೊಂಬೆಯ ಮೇಲೋ ನೀರಿನ ಟ್ಯಾಂಕಿನ ಮೇಲೋ ಅಪ್ಪ ಅಮ್ಮ ಕೂತು ಅದನ್ನು ನೋಡುತ್ತಿರುತ್ತವೆ. ನಿಮ್ಮನ್ನೂ ನೋಡುತ್ತಿರುತ್ತವೆ.

ನಾನು ಗಿರಿನಗರದ ಕಡೆಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ, ಈಗ ನಿವೃತ್ತಿಯಾಗಿದೆ. ನಮ್ಮ ಕಟ್ಟಡದ ಹಿಂದೆ ಸಿಲ್ವರ್ ಓಕ್ ಮರಗಳ ಸಾಲಿದೆ. ಅದರಲ್ಲಿ ಪ್ರತಿ ವರ್ಷ ಹದ್ದು ಗೂಡು ಕಟ್ಟುತ್ತದೆ. ಬೇಸಿಗೆ ಬಂತು ಅಂದರೆ ಬೀದಿಯ ಮಕ್ಕಳು ಗೇಟಿನ ಹತ್ತಿರ ನಿಂತು "ಮಿಸ್, ಬೇಗ ಬನ್ನಿ, ಮರಿ ಬಿದ್ದಿದೆ" ಎಂದು ಕೂಗುತ್ತಾರೆ. ಆ ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸವಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಹಕ್ಕಿ, ಎಷ್ಟು ದೊಡ್ಡದು

ನಮ್ಮ ಊರಿನಲ್ಲಿ ಆಕಾಶದ ತುಂಬ ಸುತ್ತುವ ಕಂದು ಬಣ್ಣದ ಹಕ್ಕಿಯೇ ಹದ್ದು. ಬಾಲದ ತುದಿ ಸ್ವಲ್ಪ ಸೀಳಿದ ಹಾಗಿರುತ್ತದೆ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಇದ್ದರೆ ಅದು ಗರುಡ, ಕಂಡರೆ ನಮ್ಮಲ್ಲಿ ಕೈಮುಗಿಯುತ್ತಾರಲ್ಲ, ಅದು. ಆದರೆ ಗರುಡನ ಮರಿಯೂ ಕಂದು ಬಣ್ಣದ್ದೇ. ಗುರುತು ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಮಾಡಬೇಕಾದ್ದು ಎರಡಕ್ಕೂ ಒಂದೇ.

ಹದ್ದಿನ ಮರಿಯ ಮೈಮೇಲೆ ತಿಳಿ ಬಣ್ಣದ ಚುಕ್ಕೆ, ಗೆರೆಗಳಿರುತ್ತವೆ. ಪ್ರತಿ ಗರಿಯ ತುದಿಯೂ ಕೆನೆ ಬಣ್ಣಕ್ಕಿರುತ್ತದೆ. ದೊಡ್ಡ ಹದ್ದಿಗೆ ಇಷ್ಟೊಂದು ಚುಕ್ಕೆ ಇರುವುದಿಲ್ಲ. ನೋಡಲು ಮರಿಯೇ ಹೆಚ್ಚು ಚೆಂದ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಈಗ ವಯಸ್ಸು ನೋಡಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹದ್ದು ಸಾಮಾನ್ಯವಾಗಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳು ಕಾವು ಕೊಟ್ಟ ಮೇಲೆ ಮರಿ ಹೊರಬರುತ್ತದೆ. ಮೊದಲ ಸಲ ಹಾರಲು ಇನ್ನೂ ಆರೇಳು ವಾರ ಬೇಕು. ಎಲ್ಲ ಮೊಟ್ಟೆಗಳೂ ಒಂದೇ ದಿನ ಒಡೆಯುವುದಿಲ್ಲ. ಅದಕ್ಕೇ ಒಂದೇ ಗೂಡಿನ ಅಣ್ಣ ಹಾರುತ್ತಿರುವಾಗ ತಮ್ಮ ಇನ್ನೂ ಗೂಡಿನಲ್ಲೇ ಕೂತಿರಬಹುದು.

ಮೈತುಂಬ ಮೆತ್ತನೆಯ ತುಪ್ಪುಳವಿದ್ದು, ರೆಕ್ಕೆಯ ಗರಿ ಇನ್ನೂ ಸರಿಯಾಗಿ ಬಂದಿಲ್ಲ ಅಂದರೆ ಅದು ಗೂಡಿನಿಂದ ಬಿದ್ದ ಎಳೆ ಮರಿ. ಅದಕ್ಕೆ ಖಂಡಿತ ಸಹಾಯ ಬೇಕು. ಮೈತುಂಬ ಗರಿ ಬಂದಿದೆ, ಬಾಲ ಮಾತ್ರ ಮೋಟಾಗಿದೆ, ತಲೆಯ ಮೇಲೆ ಅಲ್ಲಲ್ಲಿ ತುಪ್ಪುಳ ಅಂಟಿಕೊಂಡಿದೆ ಅಂದರೆ ಅದು ಹಾರಲು ಹೊರಟ ಮರಿ. ಮಕ್ಕಳು ಕರೆದಾಗ ನಾನು ಹೋಗಿ ನೋಡಿದರೆ ಸಾಮಾನ್ಯವಾಗಿ ಈ ಎರಡನೆಯ ಥರದ್ದೇ ಇರುತ್ತದೆ.

ಗಾಯ ಇದೆಯೋ ಇಲ್ಲವೋ

ದೂರದಿಂದಲೇ ನೋಡಿ. ಎರಡು ಕಾಲಿನ ಮೇಲೆ ನಿಲ್ಲುತ್ತಿದೆಯಾ? ಎರಡೂ ರೆಕ್ಕೆ ಒಂದೇ ಮಟ್ಟದಲ್ಲಿ ಮಡಿಸಿಕೊಂಡಿದೆಯಾ, ಅಥವಾ ಒಂದು ಜೋತು ನೆಲಕ್ಕೆ ತಾಗುತ್ತಿದೆಯಾ? ರಕ್ತ ಕಾಣುತ್ತಿದೆಯಾ? ಕಾಲಿಗೋ ರೆಕ್ಕೆಗೋ ದಾರ ಸುತ್ತಿದೆಯಾ? ಕಣ್ಣು ಪೂರ್ತಿ ತೆರೆದಿದೆಯಾ?

ನೀವು ಸ್ವಲ್ಪ ಹತ್ತಿರ ಬಂದಾಗ ರೆಕ್ಕೆ ಅಗಲಿಸಿ, ಬಾಯಿ ತೆರೆದು ಹೆದರಿಸಲು ನೋಡಿದರೆ ಸಂತೋಷಪಡಿ, ಅದು ಗಟ್ಟಿಯಾಗಿದೆ. ಕೆಲವು ಮರಿಗಳು ಭಯಕ್ಕೆ ಸತ್ತಂತೆ ಚಪ್ಪಟೆಯಾಗಿ ಮಲಗಿಬಿಡುತ್ತವೆ. ಇದನ್ನು ನೋಡಿ ಎಷ್ಟೋ ಜನ ಗಾಬರಿಯಾಗಿ ಎತ್ತಿಕೊಂಡು ಓಡುತ್ತಾರೆ. ನೀವು ಹಿಂದೆ ಸರಿದು ಸ್ವಲ್ಪ ಹೊತ್ತು ಕಾದರೆ ಅದು ತಾನೇ ತಲೆ ಎತ್ತುತ್ತದೆ.

ಗಾಯವಿಲ್ಲ, ಗರಿ ಬಂದಿದೆ, ಸುತ್ತಮುತ್ತ ನಾಯಿ ಬೆಕ್ಕು ವಾಹನ ಇಲ್ಲ ಅಂದರೆ ನಿಮ್ಮ ಕೆಲಸ ಜನರನ್ನು ದೂರ ಇಡುವುದು. ಅದು ಕಾಂಪೌಂಡ್ ಗೋಡೆ, ನಿಂತ ಕಾರು, ಗಿಡದ ಪೊದೆ ಏನಾದರೂ ಹತ್ತಿಕೊಂಡು ನಿಧಾನಕ್ಕೆ ಮೇಲೆ ಹೋಗುತ್ತದೆ. ಈ ವಯಸ್ಸಿನ ಮರಿಗೆ ರೆಕ್ಕೆ ಬಡಿಯುವುದು ಗೊತ್ತು. ನೆಲದಿಂದ ನೇರ ಮೇಲೇಳುವಷ್ಟು ಬಲ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಬೇಕಾಗಿರುವುದು ಎತ್ತರದ ಒಂದು ಜಾಗ, ಜೊತೆಗೆ ಒಂದಿಷ್ಟು ಹೊತ್ತು.

ಎತ್ತಿ ಮೇಲಿಡಬೇಕಾದರೆ

ಬೀದಿನಾಯಿ ಇರುವ ಕಡೆ ಹೀಗೆ ಕಾಯಲು ಆಗುವುದಿಲ್ಲ. ನಮ್ಮ ವಾಚ್‌ಮನ್ "ಅಮ್ಮಾ, ಕತ್ತಲಾದ್ರೆ ನಾಯಿ ಬಿಡಲ್ಲ" ಅನ್ನುತ್ತಾರೆ, ಅವರ ಮಾತು ಸರಿ. ಆಗ ಮರಿಯನ್ನು ಎತ್ತರಕ್ಕೆ ಸೇರಿಸಬೇಕು. ಎಳೆ ಮರಿಯಾದರೂ ಇದೇ ದಾರಿ, ಆದರೆ ಅದಕ್ಕೆ ಮೊದಲು ತಿಳಿದವರಿಗೆ (ನಂಬರ್ ಕೆಳಗಿದೆ) ಫೋನ್ ಮಾಡಿ ಅವರು ಹೇಳಿದಂತೆ ಮಾಡಿ. ಬಿದ್ದ ಏಟಿಗೆ ಒಳಗೆ ಪೆಟ್ಟಾಗಿರಬಹುದು.

ಮೊದಲು ನಿಮ್ಮ ತಲೆ ಕಾಪಾಡಿಕೊಳ್ಳಿ. ಗೂಡಿನ ಹತ್ತಿರ ಹೋದವರ ಮೇಲೆ ಹದ್ದು ಎರಗುತ್ತದೆ. ಹಿಂದಿನಿಂದ ಬರುತ್ತದೆ, ಸದ್ದೇ ಇರುವುದಿಲ್ಲ. ಹೆಲ್ಮೆಟ್ ಹಾಕಿಕೊಳ್ಳಿ. ಜೊತೆಗೆ ಒಬ್ಬರು ಛತ್ರಿ ಹಿಡಿದು ನಿಲ್ಲಲಿ. ಕೋಲು ಬೀಸಬೇಡಿ, ಅದು ಮರಿ ಕಾಯುವ ತಾಯಿ, ಅವಳಿಗೆ ಏಟಾದರೆ ಮರಿಯೂ ಹೋಯಿತು.

ದಪ್ಪ ಟವೆಲ್ ಅಥವಾ ಹಳೆಯ ಬೆಡ್‌ಶೀಟ್ ತೆಗೆದುಕೊಳ್ಳಿ. ದಾರ ಎದ್ದ ಬಟ್ಟೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಮರಿಯ ಹಿಂದಿನಿಂದ ನಿಧಾನಕ್ಕೆ ಹೋಗಿ, ತಲೆ ಸೇರಿ ಇಡೀ ಮೈ ಮುಚ್ಚುವ ಹಾಗೆ ಬಟ್ಟೆ ಹಾಕಿ. ಕತ್ತಲಾದರೆ ಅದು ಶಾಂತವಾಗುತ್ತದೆ. ಬಟ್ಟೆಯ ಮೇಲಿಂದಲೇ ಎರಡೂ ರೆಕ್ಕೆಯನ್ನು ಮೈಗೆ ಸೇರಿಸಿ ಹಿಡಿಯಿರಿ. ಕಾಲುಗಳು ನಿಮ್ಮಿಂದ ಆಚೆ ಇರಲಿ. ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ, ನಿಜವಾಗಿ ಹೆದರಬೇಕಾದ್ದು ಉಗುರಿಗೆ. ಒಮ್ಮೆ ಹಿಡಿದರೆ ಬಿಡುವುದು ಕಷ್ಟ. ಎದೆಯನ್ನು ಮಾತ್ರ ಗಟ್ಟಿಯಾಗಿ ಒತ್ತಬೇಡಿ. ಹಕ್ಕಿ ಎದೆ ಅಗಲಿಸಿಯೇ ಉಸಿರಾಡುತ್ತದೆ, ಒತ್ತಿ ಹಿಡಿದರೆ ಉಸಿರು ಕಟ್ಟುತ್ತದೆ.

ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತ ಓಡುತ್ತಿರುತ್ತದೆ. ಆ ಗರಿ ಮುರಿದರೆ ರಕ್ತ ಸೋರುತ್ತದೆ. ಬೆಳೆದು ಮುಗಿದ ಗರಿ ಮುರಿದರೆ ರಕ್ತ ಬರುವುದಿಲ್ಲ, ಆದರೆ ಅದು ಉದುರಿ ಹೊಸದು ಬರುವ ತನಕ ಹಾರಾಟಕ್ಕೆ ತೊಂದರೆ. ಅದಕ್ಕೇ ರೆಕ್ಕೆ ಹಿಡಿದು ಎತ್ತುವುದು, ಬಾಲ ಎಳೆಯುವುದು ಬೇಡವೇ ಬೇಡ. ಗಿಣಿಯ ತಂತಿ ಪಂಜರದಲ್ಲಿ ಹಾಕುವುದಂತೂ ಬೇಡ. ತಂತಿಗೆ ಬಡಿದು ಬಡಿದು ಗರಿಯೆಲ್ಲ ಹಾಳಾಗುತ್ತದೆ. ಸ್ವಲ್ಪ ಹೊತ್ತು ಇಡಲು ರಟ್ಟಿನ ಪೆಟ್ಟಿಗೆ ಸಾಕು. ಮರಿ ಒಳಗೆ ತಿರುಗುವಷ್ಟು ದೊಡ್ಡದಿರಲಿ, ಪಕ್ಕದಲ್ಲಿ ನಾಲ್ಕಾರು ತೂತು ಮಾಡಿ.

ಮರಿಯನ್ನು ಎಲ್ಲಿ ಇಡಬೇಕು? ಗೂಡಿದ್ದ ಮರವೇ ಒಳ್ಳೆಯದು. ಗೂಡಿನ ತನಕ ಹತ್ತುವ ಅಗತ್ಯವಿಲ್ಲ, ಹತ್ತಲೂ ಬೇಡಿ. ಸಿಲ್ವರ್ ಓಕ್ ಕೊಂಬೆ ಮನುಷ್ಯರ ಭಾರ ತಡೆಯುವುದಿಲ್ಲ. ಮೊದಲ ಗಟ್ಟಿ ಕೊಂಬೆಯ ಮೇಲೆ, ಏಣಿ ಮುಟ್ಟುವ ಎತ್ತರದಲ್ಲಿ, ಬೆಕ್ಕು ಸುಲಭಕ್ಕೆ ಹತ್ತದ ಕಡೆ ಬಿಟ್ಟರೆ ಸಾಕು. ಮರ ಸಿಗದಿದ್ದರೆ ಅದರ ಎದುರಿನ ತಾರಸಿ, ಕಾರ್ ಶೆಡ್ಡಿನ ಮೇಲ್ಛಾವಣಿ, ಸಜ್ಜಾ ಇವೂ ಆಗುತ್ತವೆ. ಮೇಲಿನಿಂದ ನೋಡಿದರೆ ಮರಿ ಕಾಣಬೇಕು, ಇದು ಮುಖ್ಯ. ಅಪ್ಪ ಅಮ್ಮನಿಗೆ ಕಾಣದಿದ್ದರೆ ಊಟ ಬರುವುದಿಲ್ಲ.

ಎಳೆಯದಾಗಿದ್ದು ಕೊಂಬೆಯ ಮೇಲೆ ಕೂರಲು ಬಾರದಿದ್ದರೆ ಬಿದಿರಿನ ಅಗಲ ಬುಟ್ಟಿ ಕಟ್ಟಿ. ಮಾರ್ಕೆಟ್‌ನಲ್ಲಿ ಹೂವಿನವರ ಹತ್ತಿರ ಇರುತ್ತದಲ್ಲ, ಅಂಥದ್ದು. ಕೆಳಗೆ ಸಂದು ಇರುವುದರಿಂದ ಮಳೆ ನೀರು ನಿಲ್ಲುವುದಿಲ್ಲ. ಒಳಗೆ ಒಣ ಕಡ್ಡಿ ಹರಡಿ. ಬಟ್ಟೆ ಹಾಸಬೇಡಿ, ಹತ್ತಿ ಬೇಡ, ತೆಳು ದಾರ ಬೇಡ. ಕಾಲಿಗೆ ದಾರ ಸುತ್ತಿಕೊಂಡು ರಕ್ತ ಓಡಾಟ ನಿಂತು ಕಾಲೇ ಹೋದ ಮರಿಗಳಿವೆ. ಗೂಡಿನಲ್ಲೇ ಈ ಅಪಾಯವಿದೆ. ಹದ್ದು ಚಿಂದಿ, ಪ್ಲಾಸ್ಟಿಕ್, ಕಾಗದ, ದಾರ ಎಲ್ಲವನ್ನೂ ಗೂಡಿಗೆ ಒಯ್ಯುತ್ತದೆ. ಸ್ಪೇನಿನ ಡೊನ್ಯಾನಾದಲ್ಲಿ ಇದೇ ಜಾತಿಯ ಹದ್ದುಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಗೂಡಿಗೆ ಬಿಳಿ ಪ್ಲಾಸ್ಟಿಕ್ ಜಾಸ್ತಿ ಹಾಕುವ ಹದ್ದುಗಳು ಹೆಚ್ಚು ಬಲಶಾಲಿ ಎಂದು ತೋರಿಸಿತು. "ಈ ಜಾಗ ನಂದು" ಎಂದು ಬೇರೆ ಹದ್ದುಗಳಿಗೆ ಹೇಳುವ ರೀತಿ ಅದು. ಅಂಥ ಒಳ್ಳೆಯ ಮನೆಯಲ್ಲೂ ನಾವು ಬಿಸಾಡಿದ ದಾರ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ ಅಂದರೆ ನನಗೆ ತುಂಬ ಸಂಕಟವಾಗುತ್ತದೆ.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುವ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ನಂಬಬೇಡಿ. ಮುಟ್ಟಿದ ಮಾತ್ರಕ್ಕೆ ಹದ್ದು ಮರಿಯನ್ನು ಬಿಟ್ಟುಹೋಗುವುದಿಲ್ಲ. ಮರಿ ಕೂಗಿದರೆ ಬರುತ್ತದೆ. ಈ ತಪ್ಪು ನಂಬಿಕೆಯಿಂದಲೇ ಜನ ಮರಿಯನ್ನು ಮನೆಗೆ ಒಯ್ದು ಸಾಕಲು ನೋಡುತ್ತಾರೆ.

ಅಪ್ಪ ಅಮ್ಮ ಬರುವ ತನಕ

ಮರಿಯನ್ನು ಇಟ್ಟಾದ ಮೇಲೆ ಅಲ್ಲಿಂದ ಹೊರಡಿ. ಒಳಗೆ ಹೋಗಿ ಕಿಟಕಿಯ ಪರದೆ ಹಿಂದಿನಿಂದ ನೋಡಿ. ಎಲ್ಲರೂ ಕೆಳಗೆ ಗುಂಪು ಕಟ್ಟಿ ಕತ್ತೆತ್ತಿ ನಿಂತರೆ ಹದ್ದು ಹತ್ತಿರ ಬರುವುದಿಲ್ಲ. ಮಕ್ಕಳನ್ನು ಒಂದು ಕೆಲಸಕ್ಕೆ ಹಚ್ಚಿ. ಎಷ್ಟು ಗಂಟೆಗೆ ಹದ್ದು ಬಂತು, ಏನು ತಂತು, ಎಲ್ಲಿ ಕೂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಕಲ್ಲು ಹೊಡೆಯುತ್ತಿದ್ದ ಹುಡುಗ ಬರೆಯಲು ಕೂತ ಮೇಲೆ ಮರಿಯ ಕಾವಲುಗಾರನಾಗಿಬಿಡುತ್ತಾನೆ.

ಮರಿಯ ಕೂಗು ಕಿವಿಗೆ ಸಿಕ್ಕರೆ ಮತ್ತೆ ಮರೆಯುವುದಿಲ್ಲ. ತೆಳ್ಳಗೆ, ನಡುಗುವ ಸಿಳ್ಳೆ. ಹಸಿದಾಗ ಬಿಡದೆ ಕೂಗುತ್ತದೆ. ದೊಡ್ಡ ಹದ್ದು ಮೇಲೆ ಸುತ್ತು ಹಾಕುತ್ತಾ ಹತ್ತಿರ ಬಂದು ಇಲಿಯನ್ನೋ ಮಾಂಸದ ಚೂರನ್ನೋ ಬಿಟ್ಟು ಹೋಗುತ್ತದೆ. ಒಮ್ಮೆ ಇದನ್ನು ಕಂಡರೆ ಅರ್ಧ ಚಿಂತೆ ಮುಗಿಯಿತು. ಬೆಳಗ್ಗೆ ಇಟ್ಟ ಮರಿಯ ಹತ್ತಿರ ಸಂಜೆಯಾದರೂ ಯಾವ ಹದ್ದೂ ಸುಳಿಯದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಕಾಗೆಗಳ ಕಾಟ ಇರುತ್ತದೆ. ಗುಂಪಾಗಿ ಬಂದು ಮರಿಯ ಬಾಲ ಎಳೆಯುತ್ತವೆ, ತಲೆಗೆ ಕುಕ್ಕುತ್ತವೆ. ಮರಿ ತೀರಾ ಸೋತಂತೆ ಕಂಡರೆ ಸ್ವಲ್ಪ ದೂರದಲ್ಲಿ ಹೋಗಿ ನಿಲ್ಲಿ, ಕಾಗೆಗಳು ಚದುರುತ್ತವೆ. ಹಾಗಂತ ಇಡೀ ದಿನ ನಿಲ್ಲಬೇಡಿ, ನೀವಿದ್ದರೆ ತಾಯಿಯೂ ದೂರವೇ ಉಳಿಯುತ್ತಾಳೆ.

ಕತ್ತಲಾಗುವ ಹೊತ್ತಿಗೆ ಎತ್ತರದ ಜಾಗ ಸಿಗಲೇ ಇಲ್ಲ ಅಂದರೆ ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ, ಟಿವಿ ಸದ್ದು ಇಲ್ಲದ ಕೋಣೆಯಲ್ಲಿ ಇಡಿ. ಪದೇ ಪದೇ ತೆರೆದು ನೋಡಬೇಡಿ. ಬೆಳಕು ಹರಿಯುತ್ತಿದ್ದಂತೆ ಅದೇ ಜಾಗಕ್ಕೆ ತಂದು ಎತ್ತರಕ್ಕೆ ಬಿಡಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ನೆನೆದು ಮುದ್ದೆಯಾದ ಮರಿ ಸಿಕ್ಕರೂ ಹೀಗೇ. ಒದ್ದೆ ಗರಿಯಲ್ಲಿ ದೊಡ್ಡ ಹದ್ದಿಗೂ ಹಾರುವುದು ಕಷ್ಟ. ತಾನಾಗಿ ಒಣಗಲಿ. ಹೇರ್ ಡ್ರೈಯರ್ ಬೇಡ, ಬಟ್ಟೆಯಿಂದ ಉಜ್ಜುವುದೂ ಬೇಡ.

ಹಾಲು, ಅನ್ನ, ಅರಿಸಿನ

ಈ ಮೂರೂ ನಮ್ಮ ಕೈಗೆ ಮೊದಲು ಬರುತ್ತವೆ. ಮೂರೂ ಬೇಡ.

ಹಾಲು ಹಕ್ಕಿಗೆ ಜೀರ್ಣವಾಗುವುದಿಲ್ಲ. ಅನ್ನ, ಬ್ರೆಡ್ ಅದರ ಆಹಾರವಲ್ಲ. ಬಾಯಿಗೆ ನೀರು ಹನಿಸುವುದು ಎಲ್ಲಕ್ಕಿಂತ ಅಪಾಯ. ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ. ನೀವು ಹಾಕಿದ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನೆರಳು ಮಾಡಿ, ಅಗಲ ತಟ್ಟೆಯಲ್ಲಿ ನೀರಿಟ್ಟು ಸರಿಯಿರಿ. ಬೇಕಾದರೆ ತಾನೇ ಕುಡಿಯುತ್ತದೆ.

ಚಿಕನ್ ಅಂಗಡಿಯಿಂದ ಮೂಳೆಯಿಲ್ಲದ ಚೂರು ತಂದು ವಾರಗಟ್ಟಲೆ ತಿನ್ನಿಸಿದವರನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಹದ್ದು ಇಲಿಯನ್ನು ಮೂಳೆ ಸಮೇತ ತಿನ್ನುವ ಹಕ್ಕಿ. ಬರೀ ಮಾಂಸದಲ್ಲಿ ಸುಣ್ಣದ ಅಂಶ ಸಾಲದು, ಬೆಳೆಯುವ ಮರಿಯ ಮೂಳೆ ಮೆತ್ತಗಾಗಿ ಬಾಗುತ್ತದೆ. ಆಮೇಲೆ ಅದು ಹಾರುವುದೇ ಇಲ್ಲ. ಜೊತೆಗೆ ಕೈಯಿಂದ ತಿಂದು ಬೆಳೆದ ಹದ್ದಿಗೆ ಮನುಷ್ಯರ ಹೆದರಿಕೆ ಹೋಗುತ್ತದೆ, ಮಕ್ಕಳ ಕೈಯಲ್ಲಿರುವ ತಿಂಡಿಗೆ ಎರಗಲು ಶುರು ಮಾಡುತ್ತದೆ.

ಅರಿಸಿನ, ತೆಂಗಿನೆಣ್ಣೆ ಎರಡೂ ನಮ್ಮ ಮನೆಯ ಮದ್ದು. ಹಕ್ಕಿಗೆ ಹಚ್ಚಬೇಡಿ. ಎಣ್ಣೆ ತಾಗಿದರೆ ಗರಿಗಳು ಅಂಟಿಕೊಳ್ಳುತ್ತವೆ, ಮಳೆ ತಡೆಯುವ ಶಕ್ತಿ ಹೋಗುತ್ತದೆ.

ಹದ್ದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎನ್ನುವುದೂ ನೆನಪಿರಲಿ.

ನಿಜವಾಗಿ ಗಾಯವಾಗಿದ್ದರೆ

ರೆಕ್ಕೆ ಜೋತಿದೆ, ರಕ್ತ ಬರುತ್ತಿದೆ, ನಿಲ್ಲಲು ಆಗುತ್ತಿಲ್ಲ, ಬೆಕ್ಕು ಕಚ್ಚಿದೆ ಅಂದರೆ ಕಾಯಬೇಡಿ. ಪೆಟ್ಟಿಗೆಯಲ್ಲಿಟ್ಟು 1926ಕ್ಕೆ ಕರೆ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಸಾಕುನಾಯಿ ನೋಡುವ ಡಾಕ್ಟರ್ ಎಲ್ಲರಿಗೂ ಹದ್ದಿನ ಮೂಳೆ ಜೋಡಿಸಿ ಅಭ್ಯಾಸವಿರುವುದಿಲ್ಲ. ಕಡ್ಡಿ ಇಟ್ಟು ನೀವೇ ಕಟ್ಟು ಹಾಕಬೇಡಿ. ಮರಿ ಸಿಕ್ಕ ಜಾಗವನ್ನು ಮನೆ ನಂಬರ್, ಮರ ಸಮೇತ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. ಹುಷಾರಾದ ಮೇಲೆ ಅಲ್ಲೇ ತಂದು ಬಿಡಲು ಅದು ಬೇಕು.

ಗಾಳಿಪಟದ ಮಾಂಜಾ ದಾರ ಸುತ್ತಿದ್ದರೆ ಎಳೆಯಬೇಡಿ. ಎಳೆದಷ್ಟೂ ಒಳಗೆ ಕೊಯ್ಯುತ್ತದೆ. ಹೊರಗೆ ಜೋತಾಡುವ ಭಾಗವನ್ನು ಕತ್ತರಿಯಿಂದ ತುಂಡರಿಸಿ, ಸುತ್ತಿಕೊಂಡದ್ದನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಒಯ್ಯಿರಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಇಡೀ ದೇಶದಲ್ಲಿ ನಿಷೇಧಿಸಿದೆ. ಆದರೂ ಮರಗಳಲ್ಲಿ ನೇತಾಡುತ್ತಲೇ ಇದೆ. ಕಂಡಲ್ಲಿ ಇಳಿಸಿ, ಚಿಕ್ಕ ಚಿಕ್ಕದಾಗಿ ಕತ್ತರಿಸಿ ಕಸಕ್ಕೆ ಹಾಕಿ. ಇಷ್ಟು ಮಾಡಿದರೆ ಎಷ್ಟು ರೆಕ್ಕೆ ಉಳಿಯುತ್ತದೆ ಗೊತ್ತಾ.

ಕರೆಂಟ್ ತಂತಿಯಲ್ಲಿ ಸಿಕ್ಕಿಕೊಂಡಿದ್ದರೆ ಕೋಲು ತರಬೇಡಿ, ಏಣಿ ಹಾಕಬೇಡಿ. 1912ಕ್ಕೆ ಫೋನ್ ಮಾಡಿ, ಬೆಸ್ಕಾಂನವರು ಲೈನ್ ಬಂದ್ ಮಾಡುವ ತನಕ ಕಾಯಿರಿ.

ಹಾರಾಟ ಹೇಗೆ ಕಲಿಯುತ್ತದೆ, ಏನು ನೋಡಬೇಕು

ಮರಿ ಮತ್ತೆ ಮೇಲೆ ಹೋದ ಮೇಲೆ ಬಿಟ್ಟುಬಿಡಬೇಡಿ. ಒಂದು ಸಾಧಾರಣ ಬೈನಾಕ್ಯುಲರ್ ಇದ್ದರೆ ಮುಂದಿನ ವಾರಗಳು ಹಬ್ಬ.

ಮೊದಲು ಗೂಡಿನ ಅಂಚಿಗೆ ಬಂದು, ಗಾಳಿಗೆ ಮುಖ ಮಾಡಿ ರೆಕ್ಕೆ ಬಡಿಯುತ್ತದೆ. ಕಾಲು ಇನ್ನೂ ಕಡ್ಡಿಯನ್ನು ಹಿಡಿದೇ ಇರುತ್ತದೆ. ಆಮೇಲೆ ಒಂದು ಗೇಣು ಎಗರುತ್ತದೆ. ನಂತರ ಪಕ್ಕದ ಕೊಂಬೆಗೆ. ಗಾಳಿ ಜೋರಾದ ದಿನ ಈ ಎಗರಾಟ ಜಾಸ್ತಿ, ಬೀಳುವುದೂ ಆ ದಿನವೇ ಜಾಸ್ತಿ.

ಮೊದಲ ಹಾರಾಟದಲ್ಲಿ ಕಷ್ಟ ಇಳಿಯುವುದರಲ್ಲಿದೆ. ಹೊರಟಾಗ ರೆಕ್ಕೆ ಅಗಲಿಸಿದರೆ ಗಾಳಿ ಎತ್ತಿಕೊಳ್ಳುತ್ತದೆ. ನಿಲ್ಲಬೇಕಾದರೆ ವೇಗ ಇಳಿಸಿ, ಬಾಲ ಬಿಚ್ಚಿ, ಕಾಲು ಮುಂದೆ ಚಾಚಿ, ಸರಿಯಾದ ಕ್ಷಣಕ್ಕೆ ಕೊಂಬೆ ಹಿಡಿಯಬೇಕು. ಹೊಸದಾಗಿ ಸೈಕಲ್ ಕಲಿತವರು ಬ್ರೇಕ್ ಹಾಕಲು ಬಾರದೆ ಗೋಡೆಗೆ ಗುದ್ದುವ ಹಾಗೆ ಮರಿ ಎಲೆಗಳ ಗುಂಪಿಗೆ ಹೋಗಿ ಬೀಳುತ್ತದೆ. ರೆಕ್ಕೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುವುದೂ ಉಂಟು. ಆಗ ನಿಮ್ಮ ಎದೆ ಡವಡವ ಅನ್ನುತ್ತದೆ. ತಡೆದುಕೊಳ್ಳಿ. ಸಾಮಾನ್ಯವಾಗಿ ತಾನೇ ಬಿಡಿಸಿಕೊಳ್ಳುತ್ತದೆ. ದಾರ ಸಿಕ್ಕಿಕೊಂಡಿದೆ ಎಂದು ಬೈನಾಕ್ಯುಲರ್‌ನಲ್ಲಿ ಕಂಡರೆ ಮಾತ್ರ ಫೋನ್ ಮಾಡಿ.

ಹಾರಲು ಬಂದ ಮಾತ್ರಕ್ಕೆ ಬದುಕಲು ಬಂತು ಅಂತಲ್ಲ. ಇನ್ನೂ ಎಷ್ಟೋ ವಾರ ಅಪ್ಪ ಅಮ್ಮ ಊಟ ಕೊಡುತ್ತಾರೆ. ಮರಿ ಅವರ ಹಿಂದೆ ಕೂಗುತ್ತಾ ಹಾರುತ್ತದೆ. ಬೆಳಗ್ಗೆ ಒಂಬತ್ತು ಹತ್ತು ಗಂಟೆಗೆ ನೆಲ ಕಾದು ಬಿಸಿ ಗಾಳಿ ಮೇಲೇಳುವಾಗ ನೋಡಿ. ದೊಡ್ಡ ಹದ್ದು ರೆಕ್ಕೆ ಬಡಿಯದೆ ಸುತ್ತು ಸುತ್ತು ಮೇಲೇರುತ್ತದೆ. ಮರಿ ಪಕ್ಕದಲ್ಲೇ ಬಡಿದು ಬಡಿದು ಸುಸ್ತಾಗುತ್ತದೆ. ಸ್ವಲ್ಪ ದಿನಕ್ಕೆ ಅದಕ್ಕೂ ಆ ಗಾಳಿಯ ಕಂಬ ಎಲ್ಲಿದೆ ಎಂದು ಗೊತ್ತಾಗುತ್ತದೆ. ಒಂದು ಎಲೆಯನ್ನೋ ಪ್ಲಾಸ್ಟಿಕ್ ಚೂರನ್ನೋ ಮೇಲಿಂದ ಬಿಟ್ಟು ತಾನೇ ಎರಗಿ ಹಿಡಿಯುವ ಆಟ ಆಡುತ್ತದೆ. ಬೇಟೆಯ ಪಾಠ ಅಲ್ಲೇ ಶುರು. ಈ ಆಟ ಕಂಡ ಸಂಜೆ ನಾನು ಅಡುಗೆ ತಡ ಮಾಡಿಬಿಡುತ್ತೇನೆ.

ಈ ವಾರಗಳಲ್ಲಿ ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ. ಪಾಷಾಣ ತಿಂದು ತೂರಾಡುವ ಇಲಿ ಸುಲಭದ ತುತ್ತು. ಅದು ಮರಿಯ ಹೊಟ್ಟೆಗೇ ಹೋಗುತ್ತದೆ. ಇಲಿ ಬೋನು ಇಡಿ, ಸಾಕು.

ಜೂನ್ ಹೊತ್ತಿಗೆ ಮರಿಯ ಕೂಗು ನಿಂತು ಗೂಡು ಖಾಲಿಯಾದ ಮೇಲೆ ಕಟ್ಟಿದ ಬುಟ್ಟಿಯನ್ನು, ಹಗ್ಗವನ್ನು ಬಿಚ್ಚಿ ತೆಗೆಯಿರಿ. ಮರದಲ್ಲಿ ಹಗ್ಗ ಉಳಿದರೆ ಅದೂ ಮುಂದಿನ ವರ್ಷದ ಗೂಡಿಗೆ ಹೋಗುತ್ತದೆ. ಗೂಡನ್ನು ಮುಟ್ಟಬೇಡಿ, ಅದನ್ನೇ ರಿಪೇರಿ ಮಾಡಿಕೊಂಡು ಮತ್ತೆ ಬಳಸಬಹುದು. ಕೊಂಬೆ ಕಡಿಸುವುದಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗಬಹುದು. ಅರ್ಜಿಯಲ್ಲಿ ಗೂಡಿನ ವಿಷಯ ಬರೆಯಿರಿ, ಕೆಲಸವನ್ನು ಜುಲೈನಿಂದ ಅಕ್ಟೋಬರ್ ಒಳಗೆ ಮುಗಿಸಲು ಕೇಳಿ. ಡಿಸೆಂಬರ್ ಹೊತ್ತಿಗೆ ಹದ್ದುಗಳು ಮತ್ತೆ ಕಡ್ಡಿ ಹೊರಲು ಶುರು ಮಾಡಿರುತ್ತವೆ.